ಮುಖ ಕೆತ್ತದ ತಿರಾತೂರ್

ಇಪ್ಪತ್ತೆರಡು ವರ್ಷ ನನ್ನೊಡನೆ ವ್ಯವಹಾರ ಮಾಡಿದ ತಿರಾತೂರ್ ಮೇಸ್ತ್ರಿ ನನ್ನ ಮುಖವನ್ನು ಒಮ್ಮೆಯಾದರೂ ನೆಟ್ಟಗೆ ನೋಡಿದ್ದನೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಅವನು ಮನುಷ್ಯರನ್ನು ಗುರುತಿಸುತ್ತಿದ್ದುದು ಅವರವರ ನಡುಕಟ್ಟಿನಿಂದ. ಯಾರ ಸೊಂಟದ ಪಟ್ಟಿಯಲ್ಲಿ ಯಾವ ಊರಿನ ನೇಯ್ಗೆಯಿದೆ, ಅದನ್ನು ನೇಯ್ದವಳು ಎಡಚಿಯೋ ಅಲ್ಲವೋ, ಉಣ್ಣೆ ಸಾಲದೆ ಯಾವ ಅಂಚಿನಲ್ಲಿ ಬಣ್ಣ ಬದಲಾಯಿಸಿ ಸುಧಾರಿಸಿದ್ದಾಳೆ, ಇಷ್ಟನ್ನೂ ಒಂದೇ ನೋಟದಲ್ಲಿ ಹೀರಿಕೊಂಡು, ಅದರ ಮೇಲಿರುವ ಎದೆ, ಕುತ್ತಿಗೆ, ಗಡ್ಡ, ಮೂಗುಗಳನ್ನು ಯಾರೋ ಅನವಶ್ಯಕವಾಗಿ ಸೇರಿಸಿದ ಅಲಂಕಾರವೆಂಬಂತೆ ಬಿಟ್ಟುಬಿಡುತ್ತಿದ್ದ. ಒಂದು ವರ್ಷ ತಬ್ರೀಜಿನ ಪೇಟೆಯಲ್ಲಿ ನಾನೊಂದು ರೇಷ್ಮೆಯ ನಡುಕಟ್ಟು ಕೊಂಡು, ನಾಲ್ಕು ಜನ ನೋಡಲೆಂಬ ಚಪಲದಿಂದ ಅದನ್ನೇ ಬಿಗಿದುಕೊಂಡು ಅವನ ಅಂಗಳಕ್ಕೆ ಹೋದೆ. ಮೇಸ್ತ್ರಿ ಉಳಿ ಕೆಳಗಿಟ್ಟು ನನ್ನ ಸೊಂಟವನ್ನೇ ನೋಡಿದ.

"ಯಾರಪ್ಪಾ ನೀನು? ಕಲ್ಲು ಬೇಕಿತ್ತಾ?"

"ನಾನು ಮೇಸ್ತ್ರಿ, ನಾಹಪೆತ್. ಕೆಂಪು ಬಣ್ಣದ ಸಾಹುಕಾರ."

"ನಾಹಪೆತನ ನಡುಕಟ್ಟು ನೀಲಿ. ಅವನ ಹೆಂಡ್ತಿ ನೇಯ್ದಿದ್ದು. ಎಡಗಡೆ ಒಂದು ಗಂಟು ಸಡಿಲ."

"ಅದು ಮನೇಲಿದೆ ಕಣಣ್ಣ!"

"ಹಾಗಾದ್ರೆ ನಾಹಪೆತನೂ ಮನೇಲೇ ಇರ್ಬೇಕು," ಎಂದು ಮತ್ತೆ ಕಲ್ಲಿನ ಕಡೆ ತಿರುಗಿದ. ಅವನು ತಮಾಷೆ ಮಾಡಿದನೋ, ನಿಜವಾಗಿಯೂ ನನ್ನನ್ನು ಗುರುತಿಸಲಿಲ್ಲವೋ, ಈವರೆಗೂ ನನಗೆ ತಿಳಿದಿಲ್ಲ. ಆ ರೇಷ್ಮೆಯನ್ನು ಮಾತ್ರ ಬಂದ ಬೆಲೆಗೆ ಮಾರಿಬಿಟ್ಟೆ. ಹೆಂಡತಿಯ ಸಡಿಲ ಗಂಟನ್ನು ಊರಿನ ಕಲ್ಲುಕುಟಿಗನೂ ಬಲ್ಲನೆಂಬ ವಿಷಯವನ್ನು ಮನೆಯಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ.

ಅವನ ಅಂಗಳ ನಮ್ಮ ಕಣಿವೆಯ ಅರ್ಪಾ ನದಿಯ ಮೇಲ್ದಂಡೆಯಲ್ಲಿ, ಕ್ರೈಸ್ತ ಸನ್ಯಾಸಿಗಳ ಮಠದ ತೆಂಕಣ ಗೋಡೆಗೆ ಬೆನ್ನು ಕೊಟ್ಟು, ಒಂದು ಮುದಿ ಅಕ್ರೋಟಿನ ಮರದ ನೆರಳಲ್ಲಿತ್ತು. ಯೌವನದಲ್ಲಿ ಎಡಪಾದದ ಮೇಲೆ ಕಲ್ಲುರುಳಿ ನಡಿಗೆ ವಕ್ರವಾಗಿದ್ದುದರಿಂದ ಅವನು ಎಲ್ಲಿಗೂ ನೇರವಾಗಿ ಬಂದವನಲ್ಲ. ಮರದಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆಯಿದ್ದರೆ, ನದಿ ಬಂಡೆಯನ್ನು ಬಳಸುವಂತೆ ಒಂದು ಬಾಗು ತೆಗೆದುಕೊಂಡು ಮೂವತ್ತು ಹೆಜ್ಜೆಯಲ್ಲಿ ಬರುತ್ತಿದ್ದ. ಮೈಮೇಲೊಂದು ಕುರಿಚರ್ಮದ ನಿಲುವಂಗಿ. ಅದರ ಮೂಲವರ್ಣ ಯಾವುದಿತ್ತೋ ಆ ಕುರಿಗೇ ಗೊತ್ತು, ಕಲ್ಲಿನ ಧೂಳು ಕುಡಿದು ಕುಡಿದು ಅದು ನಸುಗೆಂಪಾಗಿ, ಅವನು ಸುಮ್ಮನೆ ಕೂತರೆ ಇನ್ನೂ ಕೆತ್ತಬೇಕಾದ ಬಂಡೆಯೊಂದು ಕೂತಂತೆ ಕಾಣುತ್ತಿತ್ತು. ಚಳಿಗಾಲದಲ್ಲಿ ಆ ಅಂಗಿಯನ್ನು ತಾನು ತೊಡದೆ ಕಲ್ಲಿಗೆ ಹೊದಿಸುತ್ತಿದ್ದ. ಗಣಿಯ ತೇವ ಆರದ ಕಲ್ಲು ಹಿಮಕ್ಕೆ ಸಿಡಿಯುತ್ತದೆ, ಮನುಷ್ಯನಾದರೆ ಕೆಮ್ಮುತ್ತಾನೆ ಅಷ್ಟೆ, ಎಂಬುದು ಅವನ ತರ್ಕ.

ಅವನಿಗೊಂದು ಮಾತಿನ ಚಾಳಿಯಿತ್ತು. ಯಾರು ಏನೇ ಹೇಳಲಿ, ಕೊನೆಗೆ "ಆಮೇಲೆ ಎಲ್ಲಿಗೆ ಹೋಯ್ತು?" ಎಂದು ಕೇಳುವುದು. ಹೊಳೆ ದಾಟುವಾಗ ನನ್ನ ಹೇಸರಗತ್ತೆಯೊಂದು ಎರಡು ಮೂಟೆ ಹತ್ತಿಯೊಡನೆ ಕೊಚ್ಚಿಹೋದ ಸಂಕಟವನ್ನು ಅವನೆದುರು ತೋಡಿಕೊಂಡಿದ್ದೆ.

"ಆಮೇಲೆ ಎಲ್ಲಿಗೆ ಹೋಯ್ತು?"

"ಎಲ್ಲಿಗೆ ಹೋಗ್ತದೆ ಮೇಸ್ತ್ರಿ? ಸತ್ತುಹೋಯ್ತು."

"ಅದು ಗೊತ್ತಾಯ್ತು. ಆಮೇಲೆ?"

ನಮ್ಮಂಥ ವ್ಯಾಪಾರಿಗಳ ಲೆಕ್ಕದಲ್ಲಿ ಹೋದದ್ದು ಹೋಯಿತು.

ಅವನಿಗೂ ನನಗೂ ಇದ್ದ ನಂಟು ಒಂದು ಚಿಟಿಕೆ ಕೆಂಪಿನದು. ಅರರಾತ್ ಬಯಲಿನ ಚೌಳು ನೆಲದಲ್ಲಿ, ಹುಲ್ಲಿನ ಬೇರಿಗಂಟಿ ಬದುಕುವ ಒಂದು ಹುಳುವಿನಿಂದ ನಾವು ತೆಗೆಯುವ ಬಣ್ಣ ಅದು; ರಾಜರ ಉಡುಪಿಗೂ ಮಠದ ಲಿಪಿಕಾರರ ಹಾಳೆಗಳಿಗೂ ಬೇಕಾದದ್ದು. ಲಿಪಿಕಾರರು ಕುಡಿಕೆಗಟ್ಟಲೆ ಕೊಳ್ಳುತ್ತಿದ್ದರು, ಮೇಸ್ತ್ರಿ ವರ್ಷಕ್ಕೊಮ್ಮೆ ಒಂದು ಬೆರಳ ತುದಿಯಷ್ಟು. ಅದರಲ್ಲಿ ದಾರ ನೆನೆಸಿ, ಹದ ಮಾಡಿದ ಕಲ್ಲಿನ ಮೇಲೆ ಎಳೆದು ಮೀಟಿ ಗೆರೆ ಮೂಡಿಸುವನು. ಇದ್ದಿಲಿನ ಗೆರೆ ಸಾಲದೇ ಎಂದು ನಾನೇ ಒಮ್ಮೆ, ವ್ಯಾಪಾರಕ್ಕೆ ವಿರುದ್ಧವಾಗಿ, ಕೇಳಿದ್ದೆ. "ಇದ್ದಿಲು ಅಳಿಸಬಹುದು," ಎಂದಿದ್ದ. "ಅಳಿಸಬಹುದು ಅಂತ ಗೊತ್ತಿದ್ರೆ ಕೈ ಸೋಮಾರಿ ಆಗ್ತದೆ."

ಅವನು ಕೆತ್ತುತ್ತಿದ್ದುದು ಶಿಲುಬೆಗಲ್ಲುಗಳನ್ನು ಮಾತ್ರ. ಆಳೆತ್ತರದ ಕಲ್ಲು, ನಡುವೆ ಚಿಗುರೊಡೆದಂಥ ಶಿಲುಬೆ, ಅದರ ಪಾದದಡಿ ಒಂದು ದುಂಡು ಚಕ್ರ, ಮತ್ತೆ ಅಂಚಿನಿಂದ ಅಂಚಿಗೆ, ಬೆರಳಿಡಲು ಜಾಗವಿಲ್ಲದಂತೆ, ಒಂದರ ಮೇಲೊಂದು ಒಂದರ ಕೆಳಗೊಂದು ಹಾಯುತ್ತ ಹೋಗುವ ಎಳೆಗಳ ಹೆಣಿಗೆ. ಒಬ್ಬ ಮನುಷ್ಯನಿಲ್ಲ, ದೇವದೂತನಿಲ್ಲ, ಕುರಿಮರಿಯಿಲ್ಲ. ಶಾಸ್ತ್ರ ಬಲ್ಲ ಸನ್ಯಾಸಿಗಳು, ಅಪ್ರಮೇಯನಾದವನನ್ನು ಆಕಾರದಲ್ಲಿ ಕಟ್ಟಲಾಗದು, ಅನಂತನನ್ನು ಸೂಚಿಸಲು ಅಂತವಿಲ್ಲದ ಗೆರೆಯೇ ತಕ್ಕದ್ದು ಎಂದು ಮುಂತಾಗಿ ವಿವರಿಸುತ್ತಿದ್ದರು. ಮೇಸ್ತ್ರಿ ಅಂಥ ಮಾತು ಬಂದಾಗ ಉಳಿ ಮಸೆಯಲು ಎದ್ದುಹೋಗುತ್ತಿದ್ದ. ಮಠದ ಹಿರಿಯರಾದ ಹಯ್ರಪೆತ್ ಗುರುಗಳು ಒಮ್ಮೆ ಅವನನ್ನೇ ಹಿಡಿದು ಕೇಳಿದರು:

"ಮೇಸ್ತ್ರಿ, ದೂರದಿಂದ ಬಂದ ಯಾತ್ರಿಕ ಒಬ್ಬ ಇದರ ಅರ್ಥ ಏನು ಅಂತ ಕೇಳ್ತಿದ್ದಾನೆ. ಏನು ಹೇಳಲಿ?"

"ಎಳೆಯ ತುದಿ ಹುಡುಕೋಕೆ ಹೇಳಿ."

ಪಾಪ, ಆ ಯಾತ್ರಿಕ ಬೆಳಿಗ್ಗೆಯಿಂದ ಕಲ್ಲಿಗೆ ಮೂಗು ತಾಗಿಸಿಕೊಂಡು ನಿಂತವನು, ಮಧ್ಯಾಹ್ನದ ಗಂಟೆ ಹೊಡೆದರೂ ಕದಲಲಿಲ್ಲ. ಅವನ ಪಾಲಿನ ಮೊಸರುಗಂಜಿಯನ್ನು ಉಳಿದವರು ಹಂಚಿಕೊಂಡು ಮುಗಿಸಿದರು. ಮೇಸ್ತ್ರಿ ಬಂದು ಕೇಳಿದ: "ಸಿಕ್ತಾ?"

"ಇಲ್ಲ."

"ಮತ್ತೆ? ಇನ್ನೇನು ಅರ್ಥ ಬೇಕು ನಿನಗೆ?"

ಇಂಥ ಮನುಷ್ಯನ ನೆಮ್ಮದಿಗೆ ಕಲ್ಲು ಹಾಕಿದವನು ಬೇರೆ ಯಾರೂ ಅಲ್ಲ, ನಾನೇ. ಸಮುದ್ರದಾಚೆಯ ಫ್ರಾಂಕರ ನಾಡಿನಿಂದ ಬಂದ ಸರಕಿನಲ್ಲಿ ನನಗೊಂದು ಗೇಣುದ್ದದ ದಂತದ ಶಿಲುಬೆ ಸಿಕ್ಕಿತ್ತು. ಅದರ ಮೇಲೆ ತೂಗುವ ದೇಹ, ಒರಗಿದ ತಲೆ, ಅರೆಮುಚ್ಚಿದ ಕಣ್ಣು. ಕೆತ್ತಿದವನು ಒಂದೊಂದು ರೆಪ್ಪೆಯನ್ನೂ ಬಿಟ್ಟಿರಲಿಲ್ಲ. ಸರಕು ಕೈಯಲ್ಲಿದ್ದರೆ ಗಿರಾಕಿಯ ಮುಖ ತಾನಾಗಿ ನೆನಪಾಗುತ್ತದೆ. ನನಗೆ ನೆನಪಾದದ್ದು ಕೆಳಕಣಿವೆಯ ದೊಡ್ಡಮನೆಯ ಒಡತಿ ಗೊಂತ್ಸಾ ಖಾತೂನಳ ಮುಖ.

ಗೊಂತ್ಸಾಳ ಒಬ್ಬನೇ ಮಗ ಗುರ್ಗೆನ್, ನಮ್ಮನ್ನಾಳುವ ಖಾನನ ದಂಡಿಗೆ ನಮ್ಮ ಕಣಿವೆ ಕಳಿಸಬೇಕಾದ ಸವಾರರ ಜೊತೆ ದಕ್ಷಿಣಕ್ಕೆ ಹೋಗಿ ಆರು ವರ್ಷವಾಗಿತ್ತು. ಜೊತೆಗೆ ಹೋದವರಲ್ಲಿ ಇಬ್ಬರು ಮರಳಿ ಬಂದು, ದೊಡ್ಡ ನದಿಯೊಂದರ ದಡದಲ್ಲಿ ಅವನು ಬಿದ್ದದ್ದನ್ನು ಕಂಡೆವೆಂದರು, ಹೆಣವನ್ನು ಕಂಡವರಿಲ್ಲ. ನಮ್ಮ ಮಠದ್ದೊಂದು ಪದ್ಧತಿಯಿದೆ: ಹೆಣ ಸಿಗದೆ ಸತ್ತವನಿಗಾಗಿ ಶಿಲುಬೆಗಲ್ಲೊಂದು ನಿಂತು, ನೀರಿನಲ್ಲಿ ದ್ರಾಕ್ಷಾರಸದಲ್ಲಿ ಮಿಂದು, ಗುರುಗಳ ಕೈಯಿಂದ ಪವಿತ್ರ ತೈಲ ಹಚ್ಚಿಸಿಕೊಳ್ಳುವವರೆಗೂ, ಶಿಲುಬೆಯ ಹಬ್ಬದ ಮರುದಿನ ಸತ್ತವರ ಹೆಸರುಗಳ ಸಾಲಿನಲ್ಲಿ ಅವನ ಹೆಸರನ್ನು ಓದುವುದಿಲ್ಲ. ನಾಲ್ಕು ಹಬ್ಬಗಳಲ್ಲಿ ಆ ತಾಯಿ ಊರಿನ ಸತ್ತವರೆಲ್ಲರ ಹೆಸರು ಕೇಳಿ, ತನ್ನ ಮಗನದನ್ನು ಕೇಳದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ನಡೆದಿದ್ದಳು. ಐದನೆಯ ಹಬ್ಬಕ್ಕೆ ಕಲ್ಲು ನಿಲ್ಲಿಸಲೇಬೇಕೆಂದು ತೀರ್ಮಾನಿಸಿದ ಆ ವಸಂತದಲ್ಲೇ ನಾನು ದಂತದ ಶಿಲುಬೆಯನ್ನು ಅವಳ ಮುಂದೆ ಬಿಚ್ಚಿದ್ದು.

ಅವಳು ಅದನ್ನು ಕೊಂಡಳು, ಹತ್ತು ದಿನದೊಳಗೆ ಮೇಸ್ತ್ರಿಯ ಅಂಗಳದಲ್ಲಿದ್ದಳು. ನಾನು ನನ್ನ ಚಿಟಿಕೆ ಕೆಂಪು ತಂದು ಅಲ್ಲೇ ಕೂತಿದ್ದೆ. ಅವಳು ದಂತವನ್ನು ಕಲ್ಲಿನ ಮೇಲಿಟ್ಟಳು.

"ಮೇಸ್ತ್ರಿ, ನನ್ನ ಮಗನ ಕಲ್ಲಿಗೆ ಇಂಥದ್ದೊಂದು ಮುಖ ಬೇಕು."

ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. "ಚೆನ್ನಾಗಿದೆ. ಯಾರದು ಇದು?"

"ಯಾರದು ಅಂದ್ರೆ? ಸ್ವಾಮಿದು!"

"ಕೆತ್ತಿದವನು ನೋಡಿದ್ನಾ?"

"ನೀನು ಕೆತ್ತೋ ಹೆಣಿಗೆ ಮಾತ್ರ ನೋಡಿ ಕೆತ್ತೋದಾ?"

"ದಿನಾ ನೋಡ್ತೀನಿ ಅಮ್ಮಾವ್ರೆ. ಬಳ್ಳಿಯಲ್ಲಿ ನೋಡ್ತೀನಿ, ಸುಳಿಯಲ್ಲಿ ನೋಡ್ತೀನಿ. ನಿಮ್ಮ ನಡುಕಟ್ಟಲ್ಲೂ ನೋಡ್ತಿದೀನಿ. ನೀವೇ ನೇಯ್ದಿದ್ದು. ಕೈ ಗಟ್ಟಿ."

ಗೊಂತ್ಸಾ ಹೊಗಳಿಕೆಗೆ ಕರಗುವ ಹೆಂಗಸಲ್ಲ. "ನನ್ನ ಮಗನನ್ನ ಯಾರ ಕೈಗೆ ಒಪ್ಪಿಸ್ತಿದೀನಿ ಅಂತ ನಾನು ನೋಡ್ಬೇಕು. ಕುರಿ ಮಾರೋವಾಗಲೂ ಕೊಳ್ಳೋನ ಮುಖ ನೋಡ್ತೀವಿ," ಎಂದಳು.

ಈ ಮಾತು ವ್ಯಾಪಾರಿಯಾದ ನನಗೆ ಬಹಳ ನ್ಯಾಯವಾಗಿ ಕಂಡಿತು. ಮೇಸ್ತ್ರಿ ಮಾತ್ರ ತಲೆಯಲ್ಲಾಡಿಸಿದ. "ನಾನು ನೋಡದ್ದನ್ನ ಕೆತ್ತಲ್ಲ. ಕೆತ್ತಿದ್ರೆ ಅದು ನನ್ನ ಮಾವನ ಮುಖ ಆಗ್ತದೆ. ನನಗೆ ಚೆನ್ನಾಗಿ ನೆನಪಿರೋ ಮುಖ ಅದೊಂದೇ, ಬಲು ಕೆಟ್ಟ ಮನುಷ್ಯ."

ವಿಷಯ ಹಯ್ರಪೆತ್ ಗುರುಗಳ ಬಳಿ ಹೋಯಿತು. ಗುರುಗಳು ಸಜ್ಜನರು, ಆದರೆ ಮಠದ ಚಾವಣಿ ಸೋರುತ್ತಿತ್ತು, ದೊಡ್ಡಮನೆಯವರ ಕಾಡಿನಲ್ಲಿ ತೊಲೆಗೆ ಯೋಗ್ಯವಾದ ಮರಗಳಿದ್ದವು. ಬೇರೆ ಕಣಿವೆಗಳಲ್ಲಿ ಒಂದೆರಡು ಕಲ್ಲುಗಳ ಮೇಲೆ ಸ್ವಾಮಿಯ ಆಕೃತಿ ಆಗಲೇ ಬಂದಿರುವುದರಿಂದ ಶಾಸ್ತ್ರಬಾಧೆಯೇನೂ ಇಲ್ಲವೆಂದು ಗ್ರಂಥ ತಿರುವಿ ಕಂಡುಕೊಂಡು, ಇಬ್ಬರಿಗೂ ಒಪ್ಪುವಂಥ ಒಂದು ತೀರ್ಪು ಕೊಟ್ಟರು: ಮೇಸ್ತ್ರಿ ಇಡೀ ಕಲ್ಲನ್ನು ತನ್ನ ಮನಸ್ಸಿನಂತೆ ಕೆತ್ತಲಿ, ಶಿಲುಬೆಯ ನಟ್ಟನಡುವೆ, ನಾಲ್ಕು ತೋಳು ಕೂಡುವಲ್ಲಿ, ಅಂಗೈಯಗಲ ಕಲ್ಲನ್ನು ಉಬ್ಬಾಗಿ ಹಾಗೇ ಉಳಿಸಲಿ, ಪಟ್ಟಣದಿಂದ ಮುಖ ಕೆತ್ತುವವನೊಬ್ಬ ಬಂದು ಅದನ್ನು ಮುಗಿಸುತ್ತಾನೆ. ಒಪ್ಪದಿದ್ದರೆ ಮಠದ ಜಾಗವಾದ ಆ ಅಂಗಳವನ್ನೇ ಪಟ್ಟಣದವನಿಗೆ ಬಿಟ್ಟುಕೊಡಬೇಕಾದೀತು ಎಂಬುದನ್ನೂ ಮೃದುವಾಗಿ ಸೇರಿಸಿದರು.

ನಾನು ಮೇಸ್ತ್ರಿ ಸಿಡಿದೇಳುವನೆಂದು ಕಾದೆ. ಅವನು ಗುರುಗಳ ನಿಲುವಂಗಿಯ ಅಂಚನ್ನು ನೋಡಿ, "ಅಂಗೈ ಅಗಲ. ಆಯ್ತು," ಎಂದನಷ್ಟೆ. ಹೊರಗೆ ಬಂದ ಮೇಲೆ ನಾನು ರೇಗಿದೆ.

"ಇಷ್ಟು ಸುಲಭಕ್ಕೆ ಒಪ್ಕೊಂಡ್ಯಲ್ಲ ಮೇಸ್ತ್ರಿ! ನಾನಾಗಿದ್ರೆ ಬೆರಳಗಲಕ್ಕೆ ಇಳಿಸ್ತಿದ್ದೆ."

"ಉಳಿದದ್ದೆಲ್ಲ ನನಗೇ ಬಿಟ್ರಲ್ಲ. ಅಂಗೈ ಬಿಟ್ಟು ಆಳುದ್ದ. ಚೌಕಾಸಿ ನಿನಗೆ ಬರಲ್ಲ, ಹೋಗು."

ಆ ಬೇಸಿಗೆಯಲ್ಲಿ ಕಲ್ಲು ಬೆಳೆಯಿತು. ಗೊಂತ್ಸಾ ವಾರಕ್ಕೊಮ್ಮೆ ಕತ್ತೆಯ ಮೇಲೆ ಬರುತ್ತಿದ್ದಳು. ಬಂದು, ಅಕ್ರೋಟಿನ ಬುಡದಲ್ಲಿ ಕೂತು, ತಾನು ತಂದ ಲವಾಶ್ ರೊಟ್ಟಿಯಲ್ಲಿ ಚೀಸು ಸುತ್ತಿ ಮೇಸ್ತ್ರಿಗೆ ಕೊಟ್ಟು, ಕೆಲಸವನ್ನು ಕಾವಲಿನವಳಂತೆ ನೋಡುತ್ತಿದ್ದಳು. ಮಗನ ಮಾತು ಬಂದೇ ಬರುತ್ತಿತ್ತು. ಬೇರೆಯವರಾಗಿದ್ದರೆ, ಹೋಗಲಿ ಬಿಡಿ ತಾಯಿ, ಪುಣ್ಯಾತ್ಮ, ದೇವರ ಬಳಿ ಸುಖವಾಗಿದ್ದಾನೆ, ಎಂದು ಮಾತಿಗೆ ಮುಚ್ಚಳ ಹಾಕುತ್ತಿದ್ದರು. ಮೇಸ್ತ್ರಿ ತನ್ನ ಚಾಳಿ ಬಿಡಲಿಲ್ಲ.

"ಮೊದಲ ವರ್ಷ ಮರಾಘಾದಿಂದ ಯಾರದೋ ಕೈಲಿ ಒಂದು ಚೂರಿ ಕಳಿಸಿದ್ದ," ಎನ್ನುವಳು ಗೊಂತ್ಸಾ.

"ಆಮೇಲೆ ಎಲ್ಲಿಗೆ ಹೋದ?"

"ಇನ್ನೂ ದಕ್ಷಿಣಕ್ಕೆ. ಅಲ್ಲಿ ಖರ್ಜೂರದ ಮರ ಇದೆಯಂತೆ. ಹಣ್ಣು ತಿಂದು ಹೊಟ್ಟೆ ಕೆಟ್ಟಿತಂತೆ. ಚಿಕ್ಕವನಿದ್ದಾಗಲೂ ಹಾಗೇ, ಜರದಾಳು ಕಂಡ್ರೆ ಬಿಡ್ತಿರ್ಲಿಲ್ಲ."

"ಆಮೇಲೆ?"

"ಆಮೇಲೆ ಆ ನದಿ."

"ಆಮೇಲೆ?"

ಕಲ್ಲುಪುಡಿ ಉದುರುವ ಸದ್ದು ನಿಂತಿತ್ತು. ಈ ಮನುಷ್ಯನ ಬಾಯಿಗೆ ಅದೇ ರೊಟ್ಟಿಯನ್ನು ತುರುಕಬೇಕೆಂದು ನನಗನಿಸಿತು. ಗೊಂತ್ಸಾ, "ಗೊತ್ತಿಲ್ಲ," ಎಂದಳು.

ಮೇಸ್ತ್ರಿ ಸಮಾಧಾನ ಹೇಳಲಿಲ್ಲ. ಕಲ್ಲಿನ ಬಲ ಅಂಚಿನ ಹೆಣಿಗೆಯನ್ನು ಉಳಿಯಿಂದ ತೋರಿಸಿ, "ಇಲ್ಲಿ ಬೆರಳಿಡಿ ಅಮ್ಮಾವ್ರೆ. ಎಳೆ ಹಿಡ್ಕೊಂಡು ಹೋಗಿ," ಎಂದ. ಅವಳು ಎದ್ದು ಬಂದು ಬೆರಳಿಟ್ಟಳು. ಎಳೆ ಒಂದರ ಮೇಲೆ ಹಾಯಿತು, ಇನ್ನೊಂದರ ಕೆಳಗೆ ನುಗ್ಗಿತು, ಬೆರಳು ನಿಂತಿತು.

"ಎಲ್ಲಿಗೆ ಹೋಯ್ತು?"

"ಕೆಳಗೆ ಹೋಯ್ತು."

"ಕೆಳಗೆ ನಾನು ಕೆತ್ತಿಲ್ಲ. ಉಳಿ ಅಲ್ಲಿಗೆ ಹೋಗಲ್ಲ. ಅಲ್ಲಿರೋದು ಬರೀ ಕಲ್ಲು."

"ಇಲ್ಲ, ಇದೆ."

"ನಿಮಗೆ ಹ್ಯಾಗೆ ಗೊತ್ತು?"

"ಆಚೆ ಕಡೆ ಬರ್ತದಲ್ಲ!"

"ಹ್ಞಾಂ," ಎಂದು ಮೇಸ್ತ್ರಿ ಸುತ್ತಿಗೆಯೆತ್ತಿಕೊಂಡ.

ಇಷ್ಟೇ ನಡೆದದ್ದು. ಮಠದ ಉಪದೇಶಗಳನ್ನು ನಾನು ಹಲವು ವರ್ಷ, ನಿಂತೇ, ಕಾಲು ಬದಲಾಯಿಸುತ್ತ ಕೇಳಿದ್ದೇನೆ. ಇಷ್ಟು ಕಡಿಮೆ ಸಮಯದಲ್ಲಿ ಮುಗಿದ ಉಪದೇಶ ಇನ್ನೊಂದಿಲ್ಲ. ಗೊಂತ್ಸಾ ಆ ದಿನ ಕೂರಲು ಹಿಂದಿರುಗಲಿಲ್ಲ. ಆಚೆ ಬಂದ ಎಳೆಯನ್ನು ಹಿಡಿದು ಮೇಲಂಚಿನವರೆಗೂ ಹೋದಳು, ಮುಂದಿನ ವಾರ ಬಿಟ್ಟಲ್ಲಿಂದ ಮುಂದುವರಿದಳು. ದಂತದ ಶಿಲುಬೆಯನ್ನು ಯಾವಾಗ ತರುವುದು ನಿಲ್ಲಿಸಿದಳೆಂದು ನಾನು ಗಮನಿಸಲಿಲ್ಲ. ಅದನ್ನು ಮರಳಿ ಕೊಳ್ಳುತ್ತೀರಾ ಎಂದು ಅವಳು ಕೇಳದಿದ್ದುದೇ ನನಗೆ ಸಾಕಾಗಿತ್ತು.

ಹಬ್ಬಕ್ಕೆ ಎಂಟು ದಿನವಿದ್ದಾಗ ಪಟ್ಟಣದಿಂದ ಅವೆತಿಸ್ ಬಂದ. ಹಸನ್ಮುಖಿ, ಅಚ್ಚುಕಟ್ಟಾದ ಗಡ್ಡ. ಮೃದುವಾದ ಚರ್ಮದ ಹಾಳೆಗಳ ಮೇಲೆ ಬರೆದ ಮುಖಗಳನ್ನು ಸುರುಳಿ ಮಾಡಿ ತಂದಿದ್ದ. ಅಕ್ರೋಟಿನ ನೆರಳಲ್ಲಿ ಅವುಗಳನ್ನು ಹರಡಿದ ಬಗೆ ನೋಡಿ, ಇವನು ನಮ್ಮ ವ್ಯಾಪಾರಿ ಜಾತಿಯವನೆಂದು ನನಗೆ ಒಡನೆಯೇ ಗೊತ್ತಾಯಿತು.

"ಅಮ್ಮಾವ್ರೆ, ಮೂರು ನಮೂನೆ ಇವೆ. ಇದು ವೇದನೆ, ಇದು ಶಾಂತಿ, ಇದು ಎರಡರ ನಡುವಿಂದು. ಹೆಚ್ಚು ಜನ ನಡುವಿಂದನ್ನೇ ಇಷ್ಟಪಡ್ತಾರೆ."

ಹಯ್ರಪೆತ್ ಗುರುಗಳು ಬಾಗಿ ನೋಡಿ ನಡುವಿನದನ್ನೇ ಮೆಚ್ಚಿದರು. ಗೊಂತ್ಸಾ ಕಲ್ಲಿನ ಹತ್ತಿರವಿದ್ದಳು. ಎಡ ಅಂಚಿನ ಎಳೆ ಹಿಡಿದು ಕೆಳಗಿಳಿಯುತ್ತ, ಬರ್ತೀನಿ ಇರಿ, ಎಂಬಂತೆ ಇನ್ನೊಂದು ಕೈ ಆಡಿಸಿದಳು. ಕಲ್ಲು ಮುಗಿದಿತ್ತು. ನಡುವಿನ ಅಂಗೈಯಗಲದ ಉಬ್ಬೊಂದನ್ನು ಬಿಟ್ಟರೆ ಅಷ್ಟು ತುಂಬಿದ, ಅಷ್ಟು ಹಗುರಾದ ಕಲ್ಲನ್ನು ನಾನು ಕಂಡಿರಲಿಲ್ಲ. ಗೊಂತ್ಸಾಳ ಬೆರಳು ಪಾದದ ಚಕ್ರದ ಪಕ್ಕಕ್ಕೆ ಬಂದು ನಿಂತಿತು. ಒಂದು ಗೇಣು ಹಿಂದಕ್ಕೆ ಹೋಯಿತು, ಮತ್ತೆ ಬಂದಿತು.

"ಮೇಸ್ತ್ರಿ, ಇಲ್ಲೊಂದು ತಪ್ಪಿದೆ."

"ಇಲ್ಲ," ಎಂದ ಮೇಸ್ತ್ರಿ, ಕೂತಲ್ಲಿಂದಲೇ.

"ಇದೆ. ಇಲ್ಲಿ ಮೇಲೆ ಬಂದಿದೆ. ಮುಂದಿನದ್ರ ಕೆಳಗೆ ಹೋಗ್ಬೇಕು. ಮತ್ತೆ ಮೇಲೇ ಬಂದಿದೆ."

ನೇಯ್ಗೆಯ ಕುಲದ ನಿಯಮವಿದು: ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಎರಡು ಸಲ ಮೇಲೆ ಹಾಯ್ದ ಎಳೆ ಯಾವುದನ್ನೂ ಹಿಡಿಯದೆ ತೇಲುತ್ತದೆ. ಬಟ್ಟೆಯಾದರೆ ಉಗುರು ಸಿಕ್ಕಿ ಕಿತ್ತುಬರುತ್ತದೆ. ಮೇಸ್ತ್ರಿ ತನ್ನ ವಕ್ರವಾದ ದಾರಿಯಲ್ಲಿ ಬಂದು, ಮಂಡಿಯೂರಿ, ಅವಳ ಬೆರಳಿದ್ದಲ್ಲಿ ಬೆರಳಿಟ್ಟ. ಮೇಲೆ. ಮೇಲೆ. ಅವನ ಕಿವಿಗಳು ಕೆಂಪಾದವು. ನನ್ನ ಹುಳುವಿನ ಬಣ್ಣವೂ ಅಷ್ಟು ಒಳ್ಳೆಯ ಕೆಂಪು ಕೊಡುವುದಿಲ್ಲ. ಆಗಲೂ ಅವನು ಗೊಂತ್ಸಾಳ ಮುಖ ನೋಡಲಿಲ್ಲ. ಅವಳ ಬೆರಳ ತುದಿಯನ್ನು, ತನಗಿಂತ ಹಿರಿಯ ಕಸುಬುದಾರನನ್ನು ನೋಡುವಂತೆ, ನೋಡಿದ.

"ಹೋದ ತಿಂಗಳ ಜ್ವರ," ಎಂದ. "ಎರಡು ದಿನ ಜ್ವರದಲ್ಲೇ ಕೆತ್ತಿದೆ. ಕೆತ್ತಬಾರದಿತ್ತು."

ಅವನು ಬೇಕೆಂದೇ ತಪ್ಪು ಮಾಡಿ ಅವಳ ಕೈಗೆ ಸಿಗಲೆಂದು ಬಿಟ್ಟಿದ್ದನೆಂದು ಮಠದಲ್ಲಿ ಇಂದಿಗೂ ಕಥೆ ಕಟ್ಟುತ್ತಾರೆ. ನಾನು ನಟನೆಯಿಂದಲೇ ಹೊಟ್ಟೆ ಹೊರೆಯುವವನು. ಆ ಕಿವಿಗಳನ್ನು ಕಂಡಿದ್ದೇನೆ. ಅದು ಶುದ್ಧವಾದ, ಬೆಲೆ ಕಟ್ಟಲಾಗದ, ಅವಮಾನ.

ಮುಂದೆ ನಡೆದ ಗದ್ದಲದಲ್ಲಿ ಎಲ್ಲರೂ ಒಳ್ಳೆಯ ಸಲಹೆಗಳನ್ನೇ ಕೊಟ್ಟೆವು. ಸುಣ್ಣ ಕಲ್ಲುಪುಡಿ ಕಲಸಿ ಮೆತ್ತಿ, ಹೊಸದಾಗಿ ಗೆರೆ ಕೊರೆಯಬಹುದೆಂದ ಅವೆತಿಸ್. ನಾನು, ಅಲ್ಲೊಂದು ದ್ರಾಕ್ಷಿ ಎಲೆ ಕೆತ್ತಿ ಮುಚ್ಚೆಂದೆ. ಬಟ್ಟೆ ಮಾರುವಾಗ ಹರಿದ ಕಡೆಯನ್ನು ಒಳಕ್ಕೆ ಮಡಿಚುವುದು ಪಾಪವೇನಲ್ಲ.

"ಯಾರು ನೋಡ್ತಾರೆ ಮೇಸ್ತ್ರಿ?" ಎಂದರು ಗುರುಗಳು. "ಮೊಣಕಾಲಿಗಿಂತ ಕೆಳಗೆ ಇದೆ."

"ಇವರು ನೋಡಿದ್ರಲ್ಲ."

"ಎಣ್ಣೆ ಹಚ್ಚಿದ ಮೇಲೆ ಅದು ದೇವರ ಕಲ್ಲು. ದೇವರು ಕ್ಷಮಿಸ್ತಾನೆ."

"ಅವನು ಕ್ಷಮಿಸ್ತಾನೆ ಗುರುಗಳೇ, ಅವನಿಗೆ ಬೇರೆ ಕೆಲಸ ಇದೆ. ಇದು ನನ್ನ ಕೆಲಸ. ಈ ಕಲ್ಲು ನಿಲ್ಲಲ್ಲ."

"ಹಾಗಾದ್ರೆ ಹಬ್ಬ? ಹುಡುಗನ ಹೆಸರು?"

ಆಗ ಎಲ್ಲರೂ ಗೊಂತ್ಸಾಳ ಕಡೆ ತಿರುಗಿದೆವು. ಕಲ್ಲು ನಿಲ್ಲದಿದ್ದರೆ ಗುರ್ಗೆನನ ಹೆಸರು ಇನ್ನೊಂದು ವರ್ಷ ಓದದೆ ಉಳಿಯುತ್ತದೆ. ನೆಂಟರಿಗೆಲ್ಲ ಹೇಳಿಕಳಿಸಿಯಾಗಿತ್ತು, ಹಬ್ಬದೂಟದ ಹರೀಸ ಗಂಜಿಗೆ ಗೋಧಿ ಕುಟ್ಟಿಸಿಯಾಗಿತ್ತು. ಅವಳಿಗೂ ಅರುವತ್ತಾಗಿತ್ತು, ಮುಂದಿನ ಹಬ್ಬವನ್ನು ಯಾರು ಕಂಡವರು? ಅವಳು ಹೂಂ ಎಂದಿದ್ದರೆ ಗುರುಗಳು ಮೇಸ್ತ್ರಿಯ ಮಾತನ್ನು ಬದಿಗಿಟ್ಟು, ಎತ್ತುಗಳನ್ನು ಕಟ್ಟಿ, ಅಂದೇ ಕಲ್ಲನ್ನು ಎಳೆಸುತ್ತಿದ್ದರು. ಅವಳು ಆ ತೇಲುವ ಎಳೆಯ ಮೇಲೆ ಬೆರಳಾಡಿಸುತ್ತಲೇ ಇದ್ದಳು.

"ಇದು ನಿಂತ್ರೆ ನಾನು ದಿನಾ ಇದನ್ನೇ ಹುಡುಕ್ಕೊಂಡು ಬರ್ತೀನಿ," ಎಂದಳು ಕೊನೆಗೆ. "ಇಲ್ಲಿವರೆಗೆ ಬಂದು ಇಲ್ಲೇ ಕಳ್ಕೊತೀನಿ. ಬೇಡ. ಮೇಸ್ತ್ರಿ, ಮುಂದಿನ ಹಬ್ಬಕ್ಕೆ ಆಗ್ತದಾ?"

"ಗಣಿಯಲ್ಲಿ ಒಂದು ಕಲ್ಲು ನೋಡಿಟ್ಟಿದೀನಿ. ಆಗ್ತದೆ."

"ಬದುಕಿರ್ತೀಯಾ?"

"ನೀವು ಇದ್ರೆ ನಾನೂ ಇರ್ತೀನಿ. ತಪ್ಪು ಹಿಡಿಯೋರು ಬೇಕಲ್ಲ."

ಗುರುಗಳು ನಿಟ್ಟುಸಿರಿಟ್ಟು, ಪಟ್ಟಣದಿಂದ ಬಂದವನ ಮರ್ಯಾದೆಗಾದರೂ ಒಂದು ಮಾತು ಇತ್ಯರ್ಥವಾಗಲೆಂದು ಕೇಳಿದರು: "ಆಯ್ತಮ್ಮ. ಆದ್ರೆ ಆ ಮುಖ? ಹೊಸ ಕಲ್ಲಲ್ಲೂ ಅಂಗೈ ಅಗಲ ಬಿಡಿಸೋಣವಾ?"

ಗೊಂತ್ಸಾ ಕಲ್ಲಿನ ನಡುವಿನ ಬೋಳು ಉಬ್ಬನ್ನು ನೋಡಿದಳು. ನಾಲ್ಕು ದಿಕ್ಕಿನಿಂದ ಬಂದ ಎಳೆಗಳು ಅದರ ಅಂಚಿಗೆ ಬಂದು, ಬಾಗಿಲು ಮುಚ್ಚಿದ ಮನೆಯೆದುರು ನೆಂಟರು ನಿಂತಂತೆ ನಿಂತಿದ್ದವು.

"ಎಳೆ ಇಲ್ಲಿ ನಿಂತ್ಬಿಟ್ರೆ ಆಚೆ ಕಡೆ ಹ್ಯಾಗೆ ಬರ್ತದೆ ಗುರುಗಳೇ?" ಎಂದಳು. "ಮುಖ ಬೇಡ. ಹೋಗೋಕೆ ಬಿಡಿ."

ಅವೆತಿಸ್ ಒಳ್ಳೆಯವನು, ನಗುತ್ತ ಸುರುಳಿ ಸುತ್ತಿದ. ಹೋಗುವ ಮುನ್ನ ಅರ್ಧ ದಿನ ಆ ತಪ್ಪಿದ ಕಲ್ಲಿನೆದುರು ಕೂತು ಏನನ್ನೋ ಚರ್ಮದ ಮೇಲೆ ಗೀಚಿಕೊಂಡುದನ್ನು ನಾನು ನೋಡಿದೆ. ಆ ಕಲ್ಲನ್ನು ಮೇಸ್ತ್ರಿ ಬೋರಲು ಹಾಕಿ ಅಂಗಳದಾಚೆಯ ನೀರುಗಾಲುವೆಗೆ ಸೇತುವೆ ಮಾಡಿದ. ನನ್ನ ಹೇಸರಗತ್ತೆಗಳು ಅದರ ಬೆನ್ನ ಮೇಲೆ 'ಟಕಟಕ' ಎಂದು ದಾಟುವಾಗ ಕಸಿವಿಸಿಯಾಗಿ, "ಇದು ಪಾಪ ಅಲ್ವಾ ಮೇಸ್ತ್ರಿ?" ಎಂದು ಕೇಳಿದರೆ, "ಎಣ್ಣೆ ಹಚ್ಚಿಲ್ಲ. ಇನ್ನೂ ಕಲ್ಲೇ. ನಡೆಸು," ಎಂದ.

ಹೊಸ ಕಲ್ಲಿಗೆ ಹನ್ನೊಂದು ತಿಂಗಳು ಹಿಡಿಯಿತು. ಕೆಲಸದ ನಡುವೆ ಯಾರನ್ನೂ ಹತ್ತಿರ ಸೇರಿಸದವನು, ಪ್ರತಿ ಗೇಣಿಗೊಮ್ಮೆ ಉಳಿ ಕೆಳಗಿಟ್ಟು, "ಅಮ್ಮಾವ್ರೆ, ಬೆರಳು," ಎನ್ನುತ್ತಿದ್ದ. ಅವಳು ಎಳೆ ಹಿಡಿದು ಹೋಗಿ, "ಸರಿ," ಎಂದರೆ ಮುಂದಕ್ಕೆ. ಒಮ್ಮೆ ಮಾತ್ರ, "ಇಲ್ಲಿ ಸ್ವಲ್ಪ ಬಿಗಿ," ಎಂದಳಂತೆ. ಆ ದಿನ ಅವನು ಊಟ ಮಾಡಲಿಲ್ಲವಂತೆ. ಐದನೆಯ ಹಬ್ಬ ಕಳೆಯಿತು, ಅವಳು ಮಗನ ಹೆಸರಿಲ್ಲದ ಸಾಲನ್ನು ಮತ್ತೊಮ್ಮೆ ಪೂರ್ತಿ ನಿಂತು ಕೇಳಿದಳು. ಆರನೆಯ ಹಬ್ಬಕ್ಕೆ ಎಂಟು ಎತ್ತುಗಳು ಕಲ್ಲನ್ನು ದಿಬ್ಬಕ್ಕೆಳೆದವು. ಗುರುಗಳು ನೀರೆರೆದರು, ದ್ರಾಕ್ಷಾರಸವೆರೆದರು, ಹೆಬ್ಬೆರಳಿನಿಂದ ತೈಲ ಹಚ್ಚಿದರು. ಒದ್ದೆಯಾದ ಕಲ್ಲಿನಲ್ಲಿ ಎಳೆಗಳು ಒಂದು ಗಳಿಗೆ ನಿಜವಾಗಿ ಹರಿದಂತೆ ಕಂಡವು. ಮರುದಿನ ಸತ್ತವರ ಸಾಲಿನಲ್ಲಿ ಗುರ್ಗೆನ್ ಎಂಬ ಹೆಸರನ್ನು ಓದಿದಾಗ ಗೊಂತ್ಸಾ ಅಳಲಿಲ್ಲ. ಪಕ್ಕದಲ್ಲಿದ್ದ ನನ್ನ ಹೆಂಡತಿಗೆ, "ಕೇಳಿಸ್ತಾ? ಗಟ್ಟಿಯಾಗಿ ಓದಿದ್ರಲ್ಲ?" ಎಂದು ಕೇಳಿದಳಷ್ಟೆ.

ಮೇಸ್ತ್ರಿ ಅಲ್ಲಿರಲಿಲ್ಲ. ಗಣಿಗೆ ಹೋಗಿದ್ದನಂತೆ, ಮುಂದಿನ ಕಲ್ಲು ನೋಡಲು. ಆಮೇಲೆ ಒಂಬತ್ತು ವರ್ಷ ಬದುಕಿ ಹದಿನಾಲ್ಕು ಕಲ್ಲು ಕೆತ್ತಿದ. ಯಾವುದರ ಮೇಲೂ ತನ್ನ ಹೆಸರು ಬರೆಯಲಿಲ್ಲ.

ದೇವರ ಬಗ್ಗೆ ಮಾತಾಡುವವರನ್ನು ನನ್ನ ತಿರುಗಾಟದಲ್ಲಿ ಎಷ್ಟೋ ಮಂದಿ ಕಂಡಿದ್ದೇನೆ. ಅವನ ಬಣ್ಣ ಬಲ್ಲವರು, ಸಿಟ್ಟು ಬಲ್ಲವರು, ಇಂಥ ವಿಷಯದಲ್ಲಿ ಅವನ ಅಭಿಪ್ರಾಯವೇನೆಂದು ಅವನಿಗಿಂತ ಮೊದಲೇ ಬಲ್ಲವರು. ಅವರ ಸರಕಿಗೆ ಎಲ್ಲ ಪೇಟೆಗಳಲ್ಲೂ ಬೇಡಿಕೆಯಿದೆ, ನಾನೂ ಮಾರಿದ್ದೇನೆ. ತಿರಾತೂರನ ಕುಲದವರು ಅಪರೂಪ. ತಮ್ಮ ಕಣ್ಣು ಎಲ್ಲಿಗೆ ನಿಲ್ಲುತ್ತದೆಂಬುದನ್ನು ಅವರು ನಾಚಿಕೆಯಿಲ್ಲದೆ ಒಪ್ಪುತ್ತಾರೆ. ಅದರ ಈಚೆಗೆ ತಮಗೆ ಬಿಟ್ಟಿರುವ ಆಳುದ್ದದ ಕಲ್ಲಿನಲ್ಲಿ ಒಂದು ಎಳೆ ತಪ್ಪುವುದನ್ನು ಮಾತ್ರ ದೇವರು ಒಪ್ಪಿದರೂ ಅವರು ಒಪ್ಪುವುದಿಲ್ಲ. ಇಂಥವರೊಡನೆ ವ್ಯಾಪಾರ ಕಷ್ಟ, ಸಂಸಾರ ಇನ್ನೂ ಕಷ್ಟ. ಆದರೆ ಕಳೆದುಕೊಂಡವರು ಕೊನೆಗೆ ಅವರ ಅಂಗಳಕ್ಕೇ ಹೋಗುತ್ತಾರೆ. ಅಲ್ಲಿ ಸುಳ್ಳು ಸಮಾಧಾನ ಸಿಗುವುದಿಲ್ಲವೆಂಬ ಒಂದೇ ಕಾರಣಕ್ಕೆ, ಅಲ್ಲಿ ಸಿಕ್ಕ ಸಮಾಧಾನವನ್ನು ಧೈರ್ಯವಾಗಿ ಮನೆಗೆ ಕೊಂಡೊಯ್ಯಬಹುದು.